ಗೊಟ್ಟಿಗೆರೆಯಿಂದ ಸದರ್ ಪತ್ರಪ್ಪ ರಸ್ತೆಗೆ

ಬೆಂಗಳೂರಿನ ದಕ್ಷಿಣಕ್ಕೆ ಬನ್ನೇರುಘಟ್ಟದ ದಾರಿಯನ್ನು ಹಿಡಿದು ಹೊರಟವರಿಗೆ, ಹುಳಿಮಾವನ್ನು ದಾಟಿದ ಸ್ವಲ್ಪ ಹೊತ್ತಿಗೆ ಗೊಟ್ಟಿಗೆರೆ ಎಂಬ ಊರು ಎದುರಾಗುತ್ತದೆ. ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡಿರುವ ಊರು ಇದು. ಹಿಂದೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದುದು ಈಗ ನಗರದ ಒಂದು ಬಡಾವಣೆಯಾಗಿದೆ. ಕೆರೆ ಮಾತ್ರ ಹಳೆಯ ಕಾಲದ ಸಾಕ್ಷಿಯಂತೆ ಉಳಿದುಕೊಂಡಿದೆ. ನೈಸ್ ರಸ್ತೆಯು ಬನ್ನೇರುಘಟ್ಟದ ರಸ್ತೆಯನ್ನು ಸಂಧಿಸುವುದು ಇದರ ಸಮೀಪದಲ್ಲಿಯೇ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಸುಮಾರು 21 ಕಿಲೋಮೀಟರ್ ಉದ್ದದ ಮೆಟ್ರೋ ಮಾರ್ಗದ ದಕ್ಷಿಣದ ತುದಿಯೂ ಇಲ್ಲಿಗೆ ಹತ್ತಿರ. ಹೀಗಾಗಿ ಹಳ್ಳಿಯ ಮೌನವನ್ನು ಅರಸಿಕೊಂಡು ಇಲ್ಲಿಗೆ ಬರುವವರಿಗೆ ನಿರಾಶೆಯೇ ಸರಿ.

ಆದರೆ ಸದ್ದು ಎಂಬುದು ಎಷ್ಟು ಬಗೆಯದೆಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಸ್ಥಳ ಸಿಕ್ಕಲಾರದು. ಬೆಳಗಿನ ಐದು ಗಂಟೆಗೆ ಕೆರೆಯ ಕಡೆಯಿಂದ ನೀರುಕೋಳಿಗಳ ಕೂಗು ಕೇಳಿಸುತ್ತದೆ. ಆರಕ್ಕೆ ಹಾಲಿನ ಗಾಡಿ, ಏಳಕ್ಕೆ ಸೊಪ್ಪಿನವಳ ದನಿ, ಎಂಟಕ್ಕೆ ಶಾಲೆಯ ಬಸ್ಸುಗಳು, ಒಂಬತ್ತರಿಂದ ಮುಂದೆ ಹಾರನ್ನುಗಳ ಸಂತೆ. ರಾತ್ರಿ ಹತ್ತಾದ ಮೇಲೆ ಜನರ ಸಂಚಾರ ಕಡಮೆಯಾಗುತ್ತದೆ. ಆಗ ಲಾರಿಗಳ ಸರದಿ. ಅವುಗಳ ಗುಡುಗು ಕಿವಿಗಿಂತ ಮೊದಲು ಕಿಟಕಿಯ ಗಾಜಿಗೆ ತಿಳಿಯುತ್ತದೆ. ಈ ಊರಿನ ಒಂದು ಚಿಕ್ಕ ಮನೆಯಲ್ಲಿ ಹತ್ತು ದಿನಗಳ ಕಾಲ ಇದ್ದು, ಒಂದು ಹೆಡ್‌ಫೋನು ಮತ್ತು ಆಂಪ್ಲಿಫೈಯರಿಗಾಗಿ ನಾವು ಮಾಡಿದ ಸಂಚಾರದ ವಿವರವನ್ನು ಇಲ್ಲಿ ಬರೆಯುತ್ತಿದ್ದೇವೆ. ಮಿತವಾದ ವರಮಾನದಲ್ಲಿ ಸಂಸಾರ ನಡೆಸುವ ಗೃಹಸ್ಥರಿಗೆ ಇದರಿಂದ ಏನಾದರೂ ಪ್ರಯೋಜನವಾದೀತೆಂದು ನಮ್ಮ ನಂಬಿಕೆ.

ಆ ಮನೆ ನಮ್ಮ ಚಿಕ್ಕಪ್ಪನವರದು. ಸರಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಅವರಿಗೆ ಇರುವ ಒಂದೇ ಒಂದು ಚಟವೆಂದರೆ ಸಂಗೀತ. ಚಿಕ್ಕಂದಿನಿಂದ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆಯುವ ಶ್ರೀರಾಮಸೇವಾ ಮಂಡಳಿಯ ರಾಮನವಮಿಯ ಕಚೇರಿಗಳನ್ನು ಕೇಳಿ ಬೆಳೆದವರು. 1939ರಲ್ಲಿ ಆರಂಭವಾದ ಆ ಉತ್ಸವವನ್ನು ಅವರ ತಂದೆಯವರೂ ತಪ್ಪದೆ ನೋಡುತ್ತಿದ್ದರಂತೆ. ಈಗ ಮೊಣಕಾಲಿನ ನೋವಿನಿಂದ ಅಷ್ಟು ದೂರ ಹೋಗಲಾರರು. ರಾತ್ರಿಯ ಊಟವಾದ ಮೇಲೆ ಒಂದು ಗಂಟೆ ಕಾಲ ಮೊಬೈಲಿಗೆ ಒಂದು ಸ್ಪೀಕರ್ ಪೆಟ್ಟಿಗೆಯನ್ನು ಜೋಡಿಸಿ ಹಳೆಯ ಕಚೇರಿಗಳನ್ನು ಕೇಳುವುದು ಅವರ ದಿನಚರಿಯಾಗಿತ್ತು.

ನಾವು ಹೋದಾಗ ಆ ಪೆಟ್ಟಿಗೆ ಬೀರುವಿನ ಮೇಲೆ ಬಟ್ಟೆ ಹೊದೆದು ಕುಳಿತಿತ್ತು. ಕಾರಣವನ್ನು ಚಿಕ್ಕಮ್ಮನವರು ಅಡುಗೆಮನೆಯಲ್ಲಿ ಮೆಲ್ಲನೆ ಹೇಳಿದರು. ಮೊಮ್ಮಗಳು ಆ ವರ್ಷ ಹತ್ತನೆಯ ತರಗತಿ. ಇರುವ ಎರಡು ಕೋಣೆಗಳಲ್ಲಿ ಒಂದರಲ್ಲಿ ಅವಳ ಓದು, ಇನ್ನೊಂದರಲ್ಲಿ ತಾತನ ಸಂಗೀತ. ನಡುವೆ ಇರುವುದು ಒಂದು ತೆಳ್ಳನೆಯ ಬಾಗಿಲು. ತಾತನವರು ಕೆಲವು ತಿಂಗಳಿಂದ ಪೆಟ್ಟಿಗೆಯ ದನಿಯನ್ನು ದಿನದಿಂದ ದಿನಕ್ಕೆ ಏರಿಸುತ್ತ ಬಂದರು. ಹುಡುಗಿ ಒಂದು ರಾತ್ರಿ ಪುಸ್ತಕವನ್ನು ಮುಚ್ಚಿಟ್ಟು ಅತ್ತಳು. ಮರುದಿನದಿಂದ ಅವರು ಸಂಗೀತವನ್ನೇ ನಿಲ್ಲಿಸಿಬಿಟ್ಟರು. ಯಾರ ಮೇಲೂ ಕೋಪವಿಲ್ಲ, ಒಂದು ಮಾತೂ ಇಲ್ಲ. ಎಂಟು ಗಂಟೆಗೆ ದೀಪವಾರಿಸಿ ಮಲಗುತ್ತಿದ್ದರು. “ಮೂರು ವಾರ ಆಯಿತಪ್ಪ, ಇವರಿಗೆ ನಿದ್ದೆಯೂ ಇಲ್ಲ” ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು.

ಹೆಡ್‌ಫೋನನ್ನು ಕೊಳ್ಳೋಣವೆಂದು ನಾವು ಸೂಚಿಸಿದಾಗ ಚಿಕ್ಕಪ್ಪನವರು ಮೊದಲು ಒಪ್ಪಲಿಲ್ಲ. ಕಡೆಗೆ, ಬಾಕಿ ಬಂದಿದ್ದ ಪಿಂಚಣಿಯ ಹಣದಲ್ಲಿ ಹತ್ತು ಸಾವಿರ ರೂಪಾಯಿಗಳನ್ನು ಲಕೋಟೆಯಲ್ಲಿಟ್ಟು, “ನೋಡಪ್ಪ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇದರ ಮೇಲೆ ಒಂದು ಕಾಸೂ ಇಲ್ಲ. ಹೆಡ್‌ಫೋನಿಗೆ ಐದು, ಒಳ್ಳೆಯ ಆಂಪ್ಲಿಫೈಯರಿಗೆ ಐದು. ಆಂಪ್ಲಿಫೈಯರು ದೊಡ್ಡದಾಗಿರಲಿ, ನನಗೆ ದನಿ ಸ್ಪಷ್ಟವಾಗಿ ಕೇಳುತ್ತಿಲ್ಲ” ಎಂದರು. ಈ ಕಡೆಯ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಸ್ಪಷ್ಟವಾಗಿ ಕೇಳದಿರುವುದು ಪೆಟ್ಟಿಗೆಯ ದೋಷವೋ, ಕಿವಿಯ ದೋಷವೋ ಎಂಬುದನ್ನು ತಿಳಿಯದೆ ಅಂಗಡಿಗೆ ಹೋಗುವುದು, ಕಣ್ಣನ್ನು ತೋರಿಸದೆ ಕನ್ನಡಕವನ್ನು ಕೊಂಡಂತೆ.

ಆದುದರಿಂದ ನಮ್ಮ ಮೊದಲನೆಯ ಪ್ರಯಾಣ ಅಂಗಡಿಗಲ್ಲ, ಶ್ರವಣ ಪರೀಕ್ಷೆಗೆ. ನಮ್ಮ ನಾಡಿನಲ್ಲಿ ಈ ವಿದ್ಯೆಗೆ ದೊಡ್ಡ ಆಶ್ರಯವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿಯೇ ಸ್ಥಾಪಿತವಾದುದು. ನಾವು ಬನ್ನೇರುಘಟ್ಟದ ರಸ್ತೆಯಲ್ಲಿಯೇ ಇದ್ದ ಒಂದು ಚಿಕಿತ್ಸಾಲಯಕ್ಕೆ ಹೋದೆವು. ಸದ್ದು ಹೊಗದ ಚಿಕ್ಕ ಕೋಣೆಯಲ್ಲಿ ಕೂರಿಸಿ, ಒಂದೊಂದು ಕಿವಿಗೂ ಬೇರೆ ಬೇರೆಯಾಗಿ, ಸೆಕೆಂಡಿಗೆ 250 ಕಂಪನಗಳ ತಗ್ಗಿನ ಸ್ವರದಿಂದ 8,000 ಕಂಪನಗಳ ಹೆಚ್ಚಿನ ಸ್ವರದವರೆಗೆ ಕೇಳಿಸಿ, ಎಷ್ಟು ಮೆಲ್ಲನೆಯ ದನಿ ಕೇಳುತ್ತದೆಂದು ಗುರುತುಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ನೋವೇನೂ ಇಲ್ಲ.

ಫಲ ಹೀಗಿತ್ತು: 2,000 ಕಂಪನಗಳವರೆಗೆ ಎರಡು ಕಿವಿಗಳೂ ಚೆನ್ನಾಗಿಯೇ ಇದ್ದವು. ಅಲ್ಲಿಂದ ಮೇಲಕ್ಕೆ ಎರಡೂ ಇಳಿದಿದ್ದವು. ಎಡಗಿವಿ ಸ್ವಲ್ಪ ಹೆಚ್ಚಾಗಿ. ವಯಸ್ಸಾದವರಲ್ಲಿ ಇದು ಸಾಮಾನ್ಯವಾದ ಸ್ಥಿತಿಯೆಂದೂ, ಸದ್ಯಕ್ಕೆ ಶ್ರವಣಯಂತ್ರದ ಅಗತ್ಯವಿಲ್ಲವೆಂದೂ, ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿಕೊಳ್ಳಬೇಕೆಂದೂ ಅಲ್ಲಿನ ತಜ್ಞೆ ಹೇಳಿದರು. “ತಾತ, ದನಿಯನ್ನು ಏರಿಸಿದರೆ ಕೇಳುವ ಭಾಗವೇ ಇನ್ನಷ್ಟು ಜೋರಾಗುತ್ತದೆ, ಕೇಳದ ಭಾಗ ಹಿಂದೆಯೇ ಉಳಿಯುತ್ತದೆ. ಏರಿಸುತ್ತ ಹೋದರೆ ಇರುವ ಕಿವಿಗೂ ಅಪಾಯ” ಎಂದು ಆಕೆ ಮೃದುವಾಗಿ ತಿಳಿಸಿದರು. ಚಿಕ್ಕಪ್ಪನವರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, ಮಡಿಸಿ ಜೇಬಿನಲ್ಲಿಟ್ಟುಕೊಂಡರು. ದೊಡ್ಡ ಆಂಪ್ಲಿಫೈಯರಿನ ಮಾತನ್ನು ಮಾತ್ರ ಬಿಡಲಿಲ್ಲ.

ಮರುದಿನ ಬನ್ನೇರುಘಟ್ಟದ ಕಡೆಯಿಂದ ಬಂದ ಬಸ್ಸನ್ನು ಹತ್ತಿ ಪೇಟೆಗೆ ಹೊರಟೆವು. ಹುಳಿಮಾವು, ಅರೆಕೆರೆ, ಬಿಳೇಕಹಳ್ಳಿ ಎಂಬ ಹಳ್ಳಿಯ ಹೆಸರುಗಳು ಒಂದೊಂದಾಗಿ ನಿಲ್ದಾಣಗಳಾಗಿ ಬರುತ್ತವೆ. ಹಳ್ಳಿಗಳು ಮಾತ್ರ ಕಾಣುವುದಿಲ್ಲ. ಬಿಳೇಕಹಳ್ಳಿಯ ಬಳಿ ಭಾರತೀಯ ಆಡಳಿತ ಸಂಸ್ಥೆಯ ಕಲ್ಲಿನ ಗೋಡೆ, ಮುಂದೆ ಜಯದೇವ ಆಸ್ಪತ್ರೆ, ಆಮೇಲೆ ಡೈರಿ ವೃತ್ತ. ಕಿಟಕಿಯ ಪಕ್ಕದಲ್ಲಿ ಕುಳಿತ ನಮಗೆ ಎದುರಿನ ಆಸನಗಳಲ್ಲಿದ್ದ ತರುಣರಲ್ಲಿ ಹೆಚ್ಚಿನವರ ಕಿವಿಗಳಲ್ಲಿ ತಂತಿಯಿಲ್ಲದ ಪುಟ್ಟ ಗುಂಡಿಗಳು ಕಂಡವು. ಬಸ್ಸಿನ ಗದ್ದಲವನ್ನು ಮೀರಿ ಒಬ್ಬನ ಕಿವಿಯೊಳಗಿನ ಹಾಡು ನಮ್ಮ ಕಿವಿಗೂ ಬೀಳುತ್ತಿತ್ತು. ಹೊರಗಿನವರಿಗೆ ಇಷ್ಟು ಕೇಳುವುದಾದರೆ ಒಳಗೆ ಎಷ್ಟಿರಬಹುದೆಂದು ಚಿಕ್ಕಪ್ಪನವರು ನಮ್ಮನ್ನು ನೋಡಿದರು.

ಕಿವಿಗೆ ಯಂತ್ರವನ್ನು ಒತ್ತಿಕೊಂಡು ಕೇಳುವುದು ಹೊಸ ತರುಣರ ಶೋಕಿಯೆಂದು ಭಾವಿಸುವವರುಂಟು. ಆದರೆ ಅದರ ವಯಸ್ಸು ಶತಮಾನಕ್ಕಿಂತ ಹೆಚ್ಚು. ಅಮೆರಿಕೆಯ ನೆಥೇನಿಯಲ್ ಬಾಲ್ಡ್‌ವಿನ್ ಎಂಬಾತ ತಾನು ಮಾಡಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಒದಗಿಸಿದ್ದು 1910ರ ಸುಮಾರಿನಲ್ಲಿ. ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯ ಪ್ರಸಾರವನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ ಬರಿಯ 30 ವ್ಯಾಟು. ಆ ದಿನಗಳಲ್ಲಿ ಲೋಕದ ಎಲ್ಲೆಡೆ ಬಳಕೆಯಲ್ಲಿದ್ದ ಹರಳಿನ ರೇಡಿಯೋಗಳಿಗೆ ಬ್ಯಾಟರಿಯೂ ಇರಲಿಲ್ಲ, ಆಂಪ್ಲಿಫೈಯರೂ ಇರಲಿಲ್ಲ; ಗಾಳಿಯಲ್ಲಿ ಬಂದ ಕ್ಷೀಣವಾದ ಅಲೆಯೇ ಹೆಡ್‌ಫೋನನ್ನು ನುಡಿಸುತ್ತಿತ್ತು. ಮನೆಯಲ್ಲಿ ಸಂಗೀತವನ್ನು ಸವಿಯುವುದಕ್ಕೆಂದೇ ಎರಡು ಕಿವಿಗಳಿಗೂ ಬೇರೆ ಬೇರೆ ನಾದವನ್ನು ಕೊಡುವ ಸ್ಟೀರಿಯೋ ಹೆಡ್‌ಫೋನನ್ನು ಕಾಸ್ ಎಂಬ ಅಮೆರಿಕದ ತಯಾರಕರು ತಂದುದು 1958ರಲ್ಲಿ. ಕಿವಿಗೆ ಬೇಕಾದ ಶಕ್ತಿ ಅತ್ಯಲ್ಪ ಎಂಬುದನ್ನು ಈ ಚರಿತ್ರೆಯೇ ಹೇಳುತ್ತದೆ. ಕೊಳ್ಳುವವನು ಮೊದಲು ನೆನಪಿಡಬೇಕಾದುದೂ ಅದನ್ನೇ.

ಕಾರ್ಪೊರೇಷನ್ ನಿಲ್ದಾಣದಲ್ಲಿಳಿದು, 1935ರಲ್ಲಿ ಉದ್ಘಾಟನೆಯಾದ ಪುಟ್ಟಣ್ಣಚೆಟ್ಟಿ ಪುರಭವನದ ಕಂಬಗಳ ಮುಂದೆ ಹಾದು, ಸಿಲ್ವರ್ ಜುಬಿಲಿ ಪಾರ್ಕ್ ರಸ್ತೆಯನ್ನು ಹಿಡಿದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವ ನಡೆದುದು 1927ರಲ್ಲಿ. ಆ ಹೆಸರು ಈಗಲೂ ಇಲ್ಲಿ ನಿಂತಿದೆ. ಅದರ ಪಕ್ಕದಲ್ಲಿಯೇ ಸದರ್ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್.ಪಿ. ರೋಡು. ಇಲ್ಲಿಂದ ಕೃಷ್ಣರಾಜ ಮಾರುಕಟ್ಟೆ ಕೂಗಳತೆಯ ದೂರ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಮೊದಲು ಬೆಳಗಿದುದು 1905ರಲ್ಲಿ, ಆ ಮಾರುಕಟ್ಟೆಯ ಆಸುಪಾಸಿನಲ್ಲಿಯೇ. ವಿದ್ಯುತ್ತಿನ ಸಾಮಾನುಗಳಿಗೆ ಈ ಭಾಗವೇ ತವರಾದುದು ಉಚಿತವಾಗಿದೆ.

ರಸ್ತೆ ಬಹಳ ಅಗಲವಿಲ್ಲ. ಎರಡು ಬದಿಯಲ್ಲಿಯೂ ಮಂಚದಷ್ಟಗಲದ ಅಂಗಡಿಗಳು. ಮೇಲಂತಸ್ತಿಗೆ ಹೋಗುವ ಕಿರಿದಾದ ಮೆಟ್ಟಿಲುಗಳು. ಆ ಮೆಟ್ಟಿಲುಗಳ ಮೇಲೂ ಅಂಗಡಿಗಳು. ಕಿರಾಣಿ ಅಂಗಡಿಯಲ್ಲಿ ಬೇಳೆಕಾಳುಗಳನ್ನು ಡಬ್ಬಗಳಲ್ಲಿ ತುಂಬಿಟ್ಟಿರುವಂತೆ ಇಲ್ಲಿ ರೆಸಿಸ್ಟರು, ಕೆಪಾಸಿಟರು, ಟ್ರಾನ್ಸಿಸ್ಟರುಗಳನ್ನು ತುಂಬಿಟ್ಟಿರುತ್ತಾರೆ. ಕನ್ನಡ, ಹಿಂದಿ, ತಮಿಳು, ಮಾರವಾಡಿ ಮಾತುಗಳು ಒಂದೇ ವ್ಯಾಪಾರದಲ್ಲಿ ಬೆರೆಯುತ್ತವೆ. ತಲೆಯ ಮೇಲೆ ಪೆಟ್ಟಿಗೆ ಹೊತ್ತ ಕೂಲಿಯವನು “ಸೈಡ್, ಸೈಡ್” ಎಂದು ಕೂಗುತ್ತ ಬಂದರೆ ಕೊಳ್ಳುವವನು ಗೋಡೆಗೆ ಅಂಟಿ ನಿಲ್ಲಬೇಕು.

ಇಲ್ಲಿ ನಮಗೆ ಎರಡು ಪಾಠಗಳಾದವು. ಮೊದಲನೆಯದನ್ನು ಕಲಿಸಿದವನು ಒಬ್ಬ ಮಧ್ಯವಯಸ್ಸಿನ ಅಂಗಡಿಯವನು. ಕೆಲವು ನೂರು ರೂಪಾಯಿಗಳಿಗೇ ದೊರೆಯುವ, ಅಂಗೈಯಷ್ಟಗಲದ ಆಂಪ್ಲಿಫೈಯರ್ ಬೋರ್ಡುಗಳು ಅವನ ಮುಂದೆ ರಾಶಿಯಾಗಿದ್ದವು. ಒಂದರ ಮೇಲೆ ನೂರು ವ್ಯಾಟೆಂದು ಬರೆದಿದ್ದುದನ್ನು ಕಂಡು ಚಿಕ್ಕಪ್ಪನವರ ಕಣ್ಣು ಅರಳಿತು. ಅಂಗಡಿಯವನು ಕೈಯಾಡಿಸಿ, “ಬೇಡಿ ಯಜಮಾನರೇ, ಇದು ಸ್ಪೀಕರಿಗೆ. ಹೆಡ್‌ಫೋನಿಗೆ ಜೋಡಿಸಿದರೆ ಇದೂ ಸುಡುತ್ತದೆ, ಅದೂ ಸುಡುತ್ತದೆ” ಎಂದನು. ನಾಲ್ಕು ಕಾಸು ಲಾಭವನ್ನು ಬಿಟ್ಟು ಅವನು ಹೇಳಿದ ಈ ಮಾತಿನ ಕಾರಣವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಹೆಡ್‌ಫೋನಿನ ಪಿನ್ನಿನ ತುದಿ ಎಡಗಿವಿಗೆ, ನಡುವಣ ಉಂಗುರ ಬಲಗಿವಿಗೆ. ಬುಡದ ಭಾಗ ಎರಡಕ್ಕೂ ಸಮಾನವಾದ ಹಿಂದಿರುಗುವ ದಾರಿ. ಈಗಿನ ಅಗ್ಗದ ಸ್ಪೀಕರ್ ಬೋರ್ಡುಗಳಲ್ಲಿ ಬಹುಪಾಲಿನಲ್ಲಿ ಅಂತಹ ಸಮಾನ ದಾರಿಯಿಲ್ಲ; ಒಂದೊಂದು ಸ್ಪೀಕರಿನ ಎರಡು ತಂತಿಗಳಲ್ಲಿಯೂ ವಿದ್ಯುತ್ತು ದುಡಿಯುತ್ತಿರುತ್ತದೆ. ಅವನ್ನು ತಂದು ಒಂದೇ ಬುಡಕ್ಕೆ ಸೇರಿಸಿದರೆ ಬೋರ್ಡು ಕೆಡುತ್ತದೆ. ಮೇಲಾಗಿ ನೂರು ವ್ಯಾಟಿನ ಶಕ್ತಿಯನ್ನು ಕಿವಿಯ ಪಕ್ಕದಲ್ಲಿಟ್ಟುಕೊಳ್ಳುವುದು, ದೇವರ ದೀಪವನ್ನು ಹಚ್ಚಲು ಸೌದೆಯ ಒಲೆಯನ್ನು ಹೊತ್ತು ತಂದಂತೆ.

ಕೈಕೆಲಸ ಬಲ್ಲವರಿಗೆ ಈ ರಸ್ತೆಯಲ್ಲಿ ಬೇರೊಂದು ದಾರಿಯುಂಟು. ಚು ಮೊಯ್ ಎಂಬವರು ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟ ‘ಸಿಮೊಯ್’ ಎಂಬ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರು ಲೋಕಪ್ರಸಿದ್ಧವಾದುದು. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಇದನ್ನು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಳಗೆ ಅಡಕಮಾಡುವುದು ಹವ್ಯಾಸಿಗಳ ರೂಢಿ. ಅದಕ್ಕೆ ಬೇಕಾದ ಬಿಡಿಭಾಗಗಳೆಲ್ಲ ಇಲ್ಲಿ ಸಿಕ್ಕುತ್ತವೆ. ಬೆಸುಗೆಯ ಕೆಲಸ ಬಾರದ ಮನೆಗಳಿಗೆ ಇದು ತಕ್ಕುದಲ್ಲ.

ಎರಡನೆಯ ಪಾಠ ನಕಲಿ ಸಾಮಾನಿನದು. ಹೆಸರಾಂತ ತಯಾರಕರ ಗುರುತನ್ನು ಹೊತ್ತ ಹೆಡ್‌ಫೋನುಗಳು ಒಂದು ಕಡೆ ನಿಜವಾದ ಬೆಲೆಯ ಕಾಲು ಪಾಲಿಗೆ ಬಿಕರಿಯಾಗುತ್ತಿದ್ದವು. ಬಿಲ್ಲು ಕೊಡುವಿರಾ ಎಂದು ಕೇಳಿದೊಡನೆ ಮಾರುವವನು ಬೇರೆ ಗಿರಾಕಿಯ ಕಡೆ ತಿರುಗಿದನು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇಂತಹ ಕಡೆಗಾಗಿಯೇ ಹುಟ್ಟಿರಬೇಕು. ತೆರಿಗೆ ಸೇರಿದ ಬಿಲ್ಲು, ಅಂಗಡಿಯ ಮುದ್ರೆ, ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆ, ಒಂದು ವರ್ಷದ ಖಾತರಿ - ಈ ನಾಲ್ಕೂ ಇಲ್ಲದೆ ಕೊಂಡ ಹೆಡ್‌ಫೋನು ಕೆಟ್ಟರೆ ಕೇಳುವವರಿಲ್ಲ. ಭಾನುವಾರಗಳಲ್ಲಿ ಈ ಸುತ್ತಿನಲ್ಲಿ ಕೂಡುವ ಹಳೆಯ ಸಾಮಾನಿನ ಸಂತೆಯಲ್ಲಿ ಅಪರೂಪಕ್ಕೆ ಒಳ್ಳೆಯ ಮಾಲು ಸಿಕ್ಕಬಹುದು. ಆದರೆ ಬೇರೊಬ್ಬರ ಕಿವಿಗೆ ಅಂಟಿದ್ದ ಮೆತ್ತೆಯನ್ನು ನಮ್ಮ ಕಿವಿಗೆ ಒತ್ತಿಕೊಳ್ಳುವ ಮುನ್ನ ಯೋಚಿಸಬೇಕು.

ಅಲ್ಲಿಯೇ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕಾಗದದ ಮೇಲೆ ಲೆಕ್ಕಹಾಕಿದೆವು. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು, ವಿದ್ಯುತ್ತಿಗೆ ಅದು ಒಡ್ಡುವ ತಡೆ; ಇದನ್ನು ಓಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇನ್ನೊಂದು, ಒಂದು ಮಿಲಿವ್ಯಾಟ್ ಶಕ್ತಿಗೆ, ಎಂದರೆ ವ್ಯಾಟಿನ ಸಾವಿರದ ಒಂದು ಪಾಲಿಗೆ, ಅದು ಎಷ್ಟು ಡೆಸಿಬೆಲ್ ದನಿಯನ್ನು ಕೊಡುತ್ತದೆ ಎಂಬುದು. ದನಿ 3 ಡೆಸಿಬೆಲ್ ಏರಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು. 10 ಏರಬೇಕಾದರೆ ಹತ್ತು ಮಡಿ.

ಒಂದು ಮಿಲಿವ್ಯಾಟಿಗೆ 97 ಡೆಸಿಬೆಲ್ ಕೊಡುವ ಹೆಡ್‌ಫೋನನ್ನು ತೆಗೆದುಕೊಳ್ಳೋಣ. ತನಿ ಆವರ್ತನದ ಮುಕ್ತಾಯದಂತಹ ಅತಿ ಜೋರಾದ ಕ್ಷಣಕ್ಕೆ 107 ಡೆಸಿಬೆಲ್ ಮೀಸಲಿಟ್ಟರೂ ಬೇಕಾಗುವುದು 10 ಮಿಲಿವ್ಯಾಟು, ಅಂದರೆ ವ್ಯಾಟಿನ ನೂರನೆಯ ಒಂದು ಪಾಲು. ಅದರ ತಡೆ 32 ಓಂ ಆಗಿದ್ದರೆ ಇದಕ್ಕೆ ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು ಸಾಕು. 300 ಓಂ ಆಗಿದ್ದರೆ ಸುಮಾರು 1.7 ವೋಲ್ಟ್ ಬೇಕು. ಮೊಬೈಲಿನ ತೂತಿಗೆ ಸಿಕ್ಕಿಸುವ ಬೆರಳುದ್ದದ ಪರಿವರ್ತಕಗಳು ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟಿನವರೆಗೆ ಕೊಡಬಲ್ಲವು. ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಅಂಗವೂ ಒಂದು ಚಿಕ್ಕ ಆಂಪ್ಲಿಫೈಯರೂ ಅದರೊಳಗೇ ಇವೆ. ಆದುದರಿಂದ ಕಡಮೆ ಓಮಿನ ಹೆಡ್‌ಫೋನನ್ನು ಆರಿಸಿದರೆ ಬೇರೆ ಆಂಪ್ಲಿಫೈಯರು ಬೇಕಾಗಿಯೇ ಇಲ್ಲ. 1997ರಿಂದ ಹೆಸರುವಾಸಿಯಾದ ಸೆನ್‌ಹೈಸರ್ ಎಚ್‌ಡಿ 600ರಂತಹ 300 ಓಮಿನ ಹೆಡ್‌ಫೋನುಗಳನ್ನು ಕೊಳ್ಳುವವರಿಗೆ ಮಾತ್ರ ಅದು ಆವಶ್ಯಕ. ಒಂದೇ ಮಾದರಿಯನ್ನು ಬೇರೆ ಬೇರೆ ತಡೆಗಳಲ್ಲಿ ಮಾರುವುದೂ ಉಂಟು. ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಎಂಬುದು 32, 80, 250 ಓಂಗಳಲ್ಲಿ ಬಂದಿದೆ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದದೆ ಕೊಂಡವರು ಮೆಲ್ಲನೆಯ ದನಿಯಿಂದ ಪೇಚಾಡಬೇಕಾಗುತ್ತದೆ.

ಆಂಪ್ಲಿಫೈಯರು ಬೇಕೇಬೇಕಾದವರು ಇನ್ನೊಂದನ್ನು ವಿಚಾರಿಸಬೇಕು. ಆಂಪ್ಲಿಫೈಯರಿಗೂ ತನ್ನದೇ ಆದ ತಡೆಯುಂಟು. ಅದು ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಪಾಲಿಗಿಂತ ಹೆಚ್ಚಾಗಿರಬಾರದೆಂಬುದು ಬಲ್ಲವರ ನಿಯಮ. 32 ಓಮಿನ ಹೆಡ್‌ಫೋನಿಗೆ 4 ಓಮಿಗೆ ಮೀರದಂತಿರಬೇಕು. ಮೀರಿದರೆ ಕೆಲವು ಹೆಡ್‌ಫೋನುಗಳಲ್ಲಿ ತಗ್ಗಿನ ಸ್ವರಗಳ ಹದ ಕೆಡುತ್ತದೆ. ತಂತಿಯಿಲ್ಲದ ಹೆಡ್‌ಫೋನುಗಳ ಒಳಗೆ ಆಂಪ್ಲಿಫೈಯರು ಅಡಕವಾಗಿಯೇ ಇರುವುದರಿಂದ ಈ ಚಿಂತೆಯಿಲ್ಲ. ಆದರೆ ಅವುಗಳ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ. ತಂತಿಯದನ್ನು ಜೋಪಾನವಾಗಿಟ್ಟುಕೊಂಡರೆ ಅದು ಹೆಚ್ಚು ಕಾಲ ಬಾಳುತ್ತದೆ.

ಲೆಕ್ಕವನ್ನು ನೋಡಿದ ಚಿಕ್ಕಪ್ಪನವರು ಒಂದು ಆಯುಷ್ಯವೆಲ್ಲ ಲೆಡ್ಜರು ಬರೆದವರಾದುದರಿಂದ ಮತ್ತೆ ವಾದಿಸಲಿಲ್ಲ. “ಹಾಗಾದರೆ ಆಂಪ್ಲಿಫೈಯರಿನ ಐದು ಸಾವಿರವೂ ಹೆಡ್‌ಫೋನಿಗೇ ಹೋಗಲಿ” ಎಂದರು.

ಧರಿಸಿ ನೋಡದೆ ಹೆಡ್‌ಫೋನನ್ನು ಕೊಳ್ಳಲಾಗದು. ಎಸ್.ಪಿ. ರೋಡಿನ ನೂಕುನುಗ್ಗಲಿನಲ್ಲಿ ಅದಕ್ಕೆ ಅವಕಾಶವಿಲ್ಲ. ಆದುದರಿಂದ ಜಯನಗರಕ್ಕೆ ಬಂದು, ಸಂಗೀತ ವಾದ್ಯಗಳನ್ನೂ ಧ್ವನಿಮುದ್ರಣದ ಸಲಕರಣೆಗಳನ್ನೂ ಮಾರುವ ಒಂದು ಅಂಗಡಿಯನ್ನು ಹೊಕ್ಕೆವು. ಶೋಕಿಯ ಹೆಡ್‌ಫೋನುಗಳಿಗಿಂತ ಧ್ವನಿಮುದ್ರಣದವರು ದಿನವೆಲ್ಲ ಧರಿಸುವಂಥವು ಮಿತವ್ಯಯದ ಗೃಹಸ್ಥರಿಗೆ ಮೇಲು. ಅವುಗಳಲ್ಲಿ ಬೆಡಗು ಕಡಮೆ, ಬಾಳಿಕೆ ಹೆಚ್ಚು. ತಂತಿಯನ್ನೂ ಮೆತ್ತೆಯನ್ನೂ ಬದಲಾಯಿಸಿಕೊಳ್ಳುವ ಅನುಕೂಲವೂ ಹಲವಕ್ಕೆ ಉಂಟು.

ಅಂಗಡಿಯ ಹುಡುಗ ಎರಡು ಬಗೆಗಳನ್ನು ತಂದಿಟ್ಟನು. ಒಂದರ ಹಿಂಭಾಗದಲ್ಲಿ ಜಾಲರಿ. ಗಾಳಿಯೂ ನಾದವೂ ಅದರ ಮೂಲಕ ಆಡುತ್ತವೆ. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಬಂದ ಮೇಲೆ ಈ ಬಗೆ ಜನಪ್ರಿಯವಾಯಿತು. ಇದನ್ನು ಧರಿಸಿದಾಗ ಕಚೇರಿ ತಲೆಯೊಳಗೆ ನಡೆಯದೆ ಎದುರಿನ ವೇದಿಕೆಯಲ್ಲಿ ನಡೆದಂತೆ ತೋರುತ್ತದೆ. ಆದರೆ ಒಳಗಿನದು ಹೊರಗೆ ಕೇಳುತ್ತದೆ, ಹೊರಗಿನದು ಒಳಗೆ ಬರುತ್ತದೆ. ಇನ್ನೊಂದರ ಬೆನ್ನು ಮುಚ್ಚಿರುತ್ತದೆ. ಬಯಲಿನ ಭಾವ ಕಡಮೆಯಾದರೂ ಮನೆಯವರಿಗೆ ತೊಂದರೆಯಿಲ್ಲ. ಊರಾಚೆಯ ತೋಟದ ಮನೆಯಾಗಿದ್ದರೆ ಜಾಲರಿಯದನ್ನೇ ಕೊಳ್ಳಬಹುದಾಗಿತ್ತು. ಲಾರಿಗಳ ಗೊಟ್ಟಿಗೆರೆಗೆ, ತೆಳ್ಳನೆಯ ಬಾಗಿಲಿನ ಆಚೆ ಓದುವ ಹುಡುಗಿಯಿರುವ ಮನೆಗೆ, ಮುಚ್ಚಿದ್ದೇ ಸರಿ. ಹೊರಗಿನ ಗದ್ದಲ ಒಳಗೆ ಬಂದರೆ ಅದನ್ನು ಮೀರಲು ಕೈ ತಾನಾಗಿ ದನಿಯನ್ನು ಏರಿಸುತ್ತದೆ. ಕಿವಿಗೆ ಹಾನಿ ಬರುವುದು ಈ ದಾರಿಯಿಂದಲೇ.

ಚಿಕ್ಕಪ್ಪನವರು ಮೂರನ್ನು ಧರಿಸಿ ನೋಡಿದರು. ಒಂದು ಕನ್ನಡಕದ ಕಡ್ಡಿಯನ್ನು ಒತ್ತಿ ಹತ್ತು ನಿಮಿಷಕ್ಕೆ ನೋವು ತಂದಿತು. ಇನ್ನೊಂದರಲ್ಲಿ ಮೃದಂಗದ ತೊಪ್ಪಿಯ ನಾದ ಊದಿಕೊಂಡು ಗಾಯಕನ ಕಂಠವನ್ನೇ ಮುಳುಗಿಸಿತು. ಹೋಲಿಸುವಾಗ ಎರಡರ ದನಿಯೂ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಂಡೆವು. ಸ್ವಲ್ಪ ಜೋರಾಗಿರುವುದೇ ಉತ್ತಮವೆಂದು ಮನಸ್ಸು ಮೋಸಹೋಗುವುದು ಸಹಜ. ಮೂರನೆಯದು 35 ಓಂ, ಮಿಲಿವ್ಯಾಟಿಗೆ 98 ಡೆಸಿಬೆಲ್. ಅದನ್ನು ಧರಿಸಿ ಅವರು ಕೃತಿಯನ್ನೂ ಕೇಳಲಿಲ್ಲ, ತನಿಯನ್ನೂ ಕೇಳಲಿಲ್ಲ. “ಬರಿಯ ತಂಬೂರಿ ಇದ್ದರೆ ಹಾಕಪ್ಪ” ಎಂದರು. ಹುಡುಗ ಆಶ್ಚರ್ಯದಿಂದ ಹಾಕಿದನು. ನಾವು ಫೋನಿನ ಎಡ ಬಲಗಳ ಹದವನ್ನು ಪರೀಕ್ಷೆಯ ಹಾಳೆಗೆ ಅನುಸಾರವಾಗಿ ಎಡಕ್ಕೆ ಸ್ವಲ್ಪ ಹೆಚ್ಚಿಸಿದೆವು. ಈ ಏರ್ಪಾಡು ಈಗಿನ ಮೊಬೈಲುಗಳಲ್ಲಿಯೇ ಇರುತ್ತದೆ. ಅವರು ಕಣ್ಣು ಮುಚ್ಚಿ ಐದು ನಿಮಿಷ ಅಲುಗದೆ ಕುಳಿತರು. ಆಮೇಲೆ ಹೆಡ್‌ಫೋನನ್ನು ತೆಗೆದು, “ಜೀವಾಳದ ಝೇಂಕಾರ ಮೊದಲಿನಷ್ಟಿಲ್ಲ. ಅದು ನನ್ನ ಕಿವಿಯದು, ಯಂತ್ರದ್ದಲ್ಲ. ಶ್ರುತಿ ಮಾತ್ರ ಶುದ್ಧವಾಗಿದೆ. ಇದು ಸಾಕು” ಎಂದರು. ಅಂಗಡಿಯ ಹುಡುಗನೂ ಒಂದು ಕ್ಷಣ ಮಾತಾಡಲಿಲ್ಲ.

ಇದು ಜಾಹೀರಾತಲ್ಲವಾದುದರಿಂದ ತಯಾರಕರ ಹೆಸರನ್ನು ಬರೆಯುವುದಿಲ್ಲ. ಖರ್ಚಿನ ವಿವರವನ್ನು ಮಾತ್ರ ಕೊಡುತ್ತೇವೆ: ಶ್ರವಣ ಪರೀಕ್ಷೆಗೆ 600 ರೂಪಾಯಿ, ಹೆಡ್‌ಫೋನಿಗೆ 6,900, ಮೊಬೈಲಿನ ಪರಿವರ್ತಕಕ್ಕೆ 950, ಮುಂದಕ್ಕೆ ಬೇಕಾಗುವ ಒಂದು ಜೊತೆ ಮೆತ್ತೆಗೆ 800. ಒಟ್ಟು 9,250. ಉಳಿದ 750 ರೂಪಾಯಿಗಳಿಗೆ ಮೊಮ್ಮಗಳಿಗೆ ಒಂದು ಮೇಜಿನ ದೀಪ ಬಂದಿತು. ಆ ರಾತ್ರಿಯಿಂದ ಒಂದು ಕೋಣೆಯಲ್ಲಿ ಓದು, ಇನ್ನೊಂದರಲ್ಲಿ ಕಚೇರಿ; ನಡುವಣ ಬಾಗಿಲು ತೆರೆದೇ ಇರುತ್ತಿತ್ತು.

ಹೆಡ್‌ಫೋನು ಮನೆಗೆ ಬಂದ ಮೇಲೆ ಪಾಲಿಸಬೇಕಾದ ನಿಯಮಗಳನ್ನೂ ಹೇಳಿ ಮುಗಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ದನಿಯನ್ನು ಕೇಳಬಹುದು, ಮಕ್ಕಳಿಗೆ 75. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಅಳೆಯುವ ಸಾಧನವಿಲ್ಲದವರು ದನಿಯನ್ನು ಪೂರ್ಣ ಮಟ್ಟದ ನೂರಕ್ಕೆ ಅರವತ್ತರೊಳಗೆ ಇಟ್ಟುಕೊಳ್ಳಲಿ. ಗಂಟೆಗೊಮ್ಮೆ ಕಿವಿಗೆ ವಿಶ್ರಾಂತಿ ಕೊಡಲಿ. ರಸ್ತೆ ದಾಟುವಾಗ ತೆಗೆದಿಡಲಿ. ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಉಳಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿದು ವೈದ್ಯರಲ್ಲಿಗೆ ಹೋಗಲಿ.

ಹೆಡ್‌ಫೋನು ಕೆಟ್ಟರೆ ಎಸ್.ಪಿ. ರೋಡಿನಲ್ಲಿ ತಂತಿ ಸಿಕ್ಕುತ್ತದೆ, ಮೆತ್ತೆ ಸಿಕ್ಕುತ್ತದೆ, ಬೆಸುಗೆ ಹಾಕುವವರು ಸಿಕ್ಕುತ್ತಾರೆ. ಅಲ್ಲಿನ ಸಾವಿರ ಡಬ್ಬಗಳಲ್ಲಿ ಒಂದರಲ್ಲಿಯೂ ಸಿಕ್ಕದ ಬಿಡಿಭಾಗವೆಂದರೆ ಕಿವಿ. ಹತ್ತು ಸಾವಿರವನ್ನು ಹಿಡಿದು ಪೇಟೆಗೆ ಹೊರಡುವ ಗೃಹಸ್ಥರು ಮೊದಲ ಆರುನೂರನ್ನು ಅದಕ್ಕಾಗಿ ತೆಗೆದಿಟ್ಟರೆ, ಉಳಿದ ಹಣ ತಾನಾಗಿ ಸರಿಯಾದ ಅಂಗಡಿಯನ್ನು ಹುಡುಕಿಕೊಳ್ಳುತ್ತದೆ.